ಎಣ್ಣೆ ಹಾಕಿದೀಯೇನೋ

ಬೆಳಿಗ್ಗೆ ಕಾರಿನಲ್ಲಿ ಕೂತ ಕೂಡಲೇ ಅಪ್ಪ ಸ್ಟಾರ್ಟ್ ಮಾಡುತ್ತಿರಲಿಲ್ಲ. ನಮ್ಮದು ಹಳೇ ಡೀಸೆಲ್ ಗಾಡಿ. ಎಂಜಿನ್ ಆಫ್ ಮಾಡಲು ಎಳೆಯುವ ಒಂದು ನಾಬ್ ಸ್ಟಿಯರಿಂಗಿನ ಕೆಳಗೆ ಇತ್ತು. ಅಪ್ಪ ಮೊದಲು ಅದನ್ನು ಎಳೆದು ಹಿಡಿದುಕೊಂಡು ಸೆಲ್ಫ್ ಹೊಡೆಯುತ್ತಿದ್ದ. ಎಳೆದು ಹಿಡಿದಿದ್ದರೆ ಡೀಸೆಲ್ ಬರುವುದಿಲ್ಲ, ಎಂಜಿನ್ ಹತ್ತಿಕೊಳ್ಳದೆ ಸುಮ್ಮನೆ ತಿರುಗುತ್ತದೆ. ಮೀಟರಿನಲ್ಲಿ ಆಯಿಲ್‌ನ ಕೆಂಪು ದೀಪ ಆರುವವರೆಗೆ ಹಾಗೆ ತಿರುಗಿಸಿ, ನಾಬನ್ನು ಒಳಗೆ ತಳ್ಳಿ, ಆಮೇಲೆ ಸ್ಟಾರ್ಟ್ ಮಾಡುತ್ತಿದ್ದ. ಆಮೇಲೂ ಹೊರಡುತ್ತಿರಲಿಲ್ಲ. ಕಣ್ಣು ಮುಚ್ಚಿ ದೇವರ ಹನ್ನೆರಡು ನಾಮ ಹೇಳಿಕೊಂಡು, ಅದು ಮುಗಿದ ಮೇಲೆಯೇ ಗೇರ್ ಹಾಕುತ್ತಿದ್ದ.

ಅಷ್ಟು ಹೊತ್ತಿಗೆ ನನಗೆ ಪಿತ್ತ ನೆತ್ತಿಗೇರಿರುತ್ತಿತ್ತು. ಪಕ್ಕದ ಮನೆಯವರು ಕೀ ತಿರುಗಿಸಿ, ಭರ್ರೆಂದು ರೇಸ್ ಕೊಟ್ಟು, ಆಗಲೇ ಶ್ರೀನಗರ ಬಸ್ ಸ್ಟಾಪ್ ದಾಟಿರುತ್ತಿದ್ದರು.

"ಅವ್ರ ಗಾಡಿ ಏನೂ ಹಾಳಾಗಿಲ್ವಲ್ಲಪ್ಪ" ಎಂದು ನಾನು ಒಮ್ಮೆ ರೇಗಿದೆ.

"ರಾತ್ರಿಯೆಲ್ಲ ಎಣ್ಣೆ ಕೆಳಗೆ ಇಳ್ದಿರುತ್ತೆ ಕಣೋ. ಬೆಳಿಗ್ಗೆ ಮೇಲೆಲ್ಲ ಒಣ ಕಬ್ಬಿಣ. ಎಣ್ಣೆ ಹತ್ತೋಕ್ಕೆ ಮುಂಚೆ ರೇಸ್ ಕೊಟ್ರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತೆ. ಸವೆಯೋದೆಲ್ಲ ಆ ಅರ್ಧ ನಿಮಿಷದಲ್ಲೇ" ಎಂದ ಅಪ್ಪ. ಡಿಸೆಂಬರ್, ಜನವರಿಯ ಚಳಿಯಲ್ಲಂತೂ ಎರಡು ಸಲ ನಾಮ ಹೇಳುತ್ತಿದ್ದ.

ನಾವೆಲ್ಲ ಆಯಿಲ್ ಎನ್ನುತ್ತಿದ್ದೆವು. ಗ್ಯಾರೇಜಿನವರು, ಅಂಗಡಿಯವರು, ಅಮ್ಮ ಕೂಡ ಆಯಿಲ್ ಎಂದೇ ಹೇಳುತ್ತಿದ್ದಳು. ಅಪ್ಪನಿಗೆ ಮಾತ್ರ ಅದು ಎಣ್ಣೆ. ನಮ್ಮ ವಯಸ್ಸಿನ ಹುಡುಗರಿಗೆ ಎಣ್ಣೆ ಎಂದರೆ ಬೇರೆ ಅರ್ಥ, ಬಾಟಲಿಯಲ್ಲಿ ಬರುವಂಥದ್ದು. ಗೆಳೆಯರು ಮನೆಗೆ ಬಂದಾಗ ಅಪ್ಪ "ಎಣ್ಣೆ ಕಪ್ಪಗಾಗಿದೆ, ಬದಲಾಯಿಸ್ಬೇಕು" ಎಂದರೆ ಅವರು ನಗು ತಡೆಯಲು ಒದ್ದಾಡುತ್ತಿದ್ದರು. ಅಪ್ಪನಿಗೆ ಅದು ಗೊತ್ತಾಗುತ್ತಿರಲಿಲ್ಲ ಅಂದುಕೊಂಡಿದ್ದೆ.

ಅಪ್ಪ ಇಪ್ಪತ್ತೆರಡು ವರ್ಷ ಜಯನಗರದ ಒಬ್ಬ ಸಾಹುಕಾರರ ಮನೆಯಲ್ಲಿ ಡ್ರೈವರ್ ಆಗಿದ್ದ. ಅವರು ಹೊಸ ಕಾರು ತೆಗೆದುಕೊಂಡಾಗ ಹಳೆಯದನ್ನು ಅಪ್ಪನಿಗೇ ಕೊಟ್ಟರು, ದುಡ್ಡಿಗೇ ಕೊಟ್ಟರು, ಬಿಟ್ಟಿಯಲ್ಲ. ಅಪ್ಪ ಅದಕ್ಕೆ ಹಳದಿ ಬೋರ್ಡ್ ಹಾಕಿಸಿ, ಬನಶಂಕರಿಯ ಒಂದು ಟ್ರಾವೆಲ್ಸ್‌ಗೆ ಬಾಡಿಗೆಗೆ ಬಿಟ್ಟು, ತಾನೇ ಓಡಿಸಲು ಶುರುಮಾಡಿದ. ಮನೆ ನಡೆಯುತ್ತಿದ್ದುದು ಆ ಗಾಡಿಯಿಂದಲೇ. ನನಗೆ ಇಪ್ಪತ್ತಮೂರು ತುಂಬುವ ಹೊತ್ತಿಗೆ ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಸಕ್ಕರೆ ಕಾಯಿಲೆ ಬೇರೆ. ಎದುರಿನ ಗಾಡಿಯ ದೀಪ ಕಣ್ಣಿಗೆ ಹೊಡೆದರೆ ಏನೂ ಕಾಣುವುದಿಲ್ಲ ಎಂದು ಅಮ್ಮನ ಹತ್ತಿರ ಹೇಳಿದ್ದನ್ನು ನಾನು ಅಡುಗೆಮನೆಯ ಹೊರಗೆ ನಿಂತು ಕೇಳಿಸಿಕೊಂಡಿದ್ದೆ. ನನ್ನ ಹತ್ತಿರ ಲೈಸೆನ್ಸ್ ಇತ್ತು, ಟ್ಯಾಕ್ಸಿ ಓಡಿಸುವ ಬ್ಯಾಡ್ಜ್ ಕೂಡ ಆಗಿತ್ತು. ಇಲ್ಲದ್ದು ಅಪ್ಪನ ಧೈರ್ಯ. ಕೀ ಕೊಡಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ.

ಕೊನೆಗೆ ಆ ವರ್ಷದ ನವರಾತ್ರಿಯಲ್ಲಿ ಒಂದು ದಿನ ಊಟ ಮಾಡುತ್ತಾ ಹೇಳಿದ. "ಆಯುಧಪೂಜೆ ದಿನ ನೀನೇ ನಿಂಬೆಹಣ್ಣು ತುಳಿಸು. ಅವತ್ತಿಂದ ಗಾಡಿ ನಿಂದು. ಟ್ರಾವೆಲ್ಸ್‌ನವ್ರಿಗೂ ಹೇಳಿದೀನಿ."

ನಾನು ತಲೆಯೆತ್ತದೆ ಸಾರನ್ನ ಕಲೆಸುತ್ತಾ ಕೂತೆ. ಸಂತೋಷವಾಗಿತ್ತು, ಅದನ್ನು ಅಪ್ಪನಿಗೆ ತೋರಿಸಲು ನಾಚಿಕೆಯಾಗುತ್ತಿತ್ತು. ಆ ಸಂತೋಷಕ್ಕೇ ಇರಬೇಕು, ಹಬ್ಬದ ಹಿಂದಿನ ಸಂಜೆ ಬಿ.ಟಿ.ಎಂ. ಲೇಔಟಿನಲ್ಲಿದ್ದ ಗೆಳೆಯನ ರೂಮಿಗೆ ಹೋಗಿ ಕುಡಿದೆ. ಸ್ವಲ್ಪ ಅಲ್ಲ, ಚೆನ್ನಾಗಿಯೇ ಕುಡಿದೆ. ಮನೆಗೆ ಬಂದಾಗ ಅಪ್ಪ ಬಾಗಿಲು ತೆಗೆದ. ಪಕ್ಕಕ್ಕೆ ಸರಿದು ದಾರಿ ಬಿಟ್ಟ, ಅಷ್ಟೇ.

ಬೆಳಿಗ್ಗೆ ತಲೆ ಸಿಡಿಯುತ್ತಿದ್ದರೂ ಬೇಗ ಎದ್ದೆ. ಪ್ರತಿ ವರ್ಷ ಹಬ್ಬಕ್ಕೆ ಗಾಡಿಗೆ ಹೊಸ ಎಣ್ಣೆ ಹಾಕುವುದು ನಮ್ಮ ಮನೆಯ ಪದ್ಧತಿ. ಮನುಷ್ಯರಿಗೆ ಎಣ್ಣೆಸ್ನಾನ ಇದ್ದ ಹಾಗೆ ಎಂದು ಅಪ್ಪ ಹೇಳುತ್ತಿದ್ದ. ಆ ಕೆಲಸ ನಾಲ್ಕೈದು ವರ್ಷದಿಂದ ನನ್ನದೇ. ಗಾಡಿಯ ಕೆಳಗೆ ಮಲಗಿ, ಬೋಲ್ಟ್ ಬಿಚ್ಚಿ, ಹಳೇ ಎಣ್ಣೆಯನ್ನೆಲ್ಲ ಬಾಣಲೆಗೆ ಇಳಿಸಿದೆ. ಬೋಲ್ಟ್ ತಿರುಗಿಸಿ ಬಿಗಿ ಮಾಡಿ, ಹೊಸ ಎಣ್ಣೆ ತುಂಬೋಣವೆಂದು ಡಬ್ಬ ಹುಡುಕಿದರೆ ಡಬ್ಬ ಇಲ್ಲ. ಅಮ್ಮ ಅದನ್ನು ಸ್ಪ್ಯಾನರು, ಜಾಕು, ಸುತ್ತಿಗೆಗಳ ಜೊತೆ ದೇವರ ಮುಂದೆ ಇಟ್ಟುಬಿಟ್ಟಿದ್ದಳು. ಡಬ್ಬಕ್ಕೆ ಅರಿಶಿನ, ಕುಂಕುಮ, ತಲೆಯ ಮೇಲೆ ಒಂದು ಸೇವಂತಿಗೆ.

"ಅಮ್ಮ, ಅದನ್ನ ಕೊಡು. ಗಾಡಿಗೆ ಹಾಕ್ಬೇಕು" ಅಂದೆ.

"ಪೂಜೆಗಿಟ್ಟಿದ್ದನ್ನ ಮಂಗಳಾರತಿ ಆಗೋ ತನಕ ಎತ್ತಬಾರದು. ಆಮೇಲೆ ಹಾಕೊ, ಎಲ್ಲಿಗೆ ಹೋಗುತ್ತೆ ಅದು" ಎಂದಳು.

ಸರಿ ಎಂದು ಗಾಡಿ ತೊಳೆದೆ. ಅಮ್ಮ ಬಂದು ಬಾನೆಟ್ಟಿಗೆ, ಚಕ್ರಕ್ಕೆ, ಸ್ಟಿಯರಿಂಗಿಗೆ ಕುಂಕುಮ ಇಟ್ಟಳು. ಮೀಟರಿನ ಗಾಜಿಗೆ ಮೂರು ಬೆರಳಿನಲ್ಲಿ ದಪ್ಪಗೆ ವಿಭೂತಿ ಎಳೆದಳು. ಬಾಳೆಕಂದು ಕಟ್ಟಿದೆವು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟೆವು. ಅಷ್ಟರಲ್ಲಿ ಸಿದ್ದಾಪುರದಿಂದ ಮಾವ ಬಂದ, ಅಮ್ಮನ ತಮ್ಮ. ಬಾಯಿ ಜೋರು, ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಅಮ್ಮ ನನ್ನ ಹಿಂದಿನ ಸಂಜೆಯ ಪ್ರತಾಪವನ್ನು ಅವನ ಹತ್ತಿರ ಹೇಳಿಕೊಂಡಿರಬೇಕು. ಒಳಗೆ ಮಂಗಳಾರತಿ ಮುಗಿಯುತ್ತಿದ್ದ ಹಾಗೆಯೇ ಹೊರಗೆ ಬಂದು, ಬೀದಿಯಲ್ಲಿ ನಿಂತಿದ್ದ ನಾಲ್ಕು ಜನರ ಎದುರಿಗೆ ಶುರುಮಾಡಿದ.

"ಏನ್ ಅಳಿಯ, ಗಾಡಿಗೆ ಎಷ್ಟು ಲೀಟರ್ ಎಣ್ಣೆ, ನಿಂಗೆ ಎಷ್ಟು ಲೀಟರ್?"

ಎಲ್ಲರೂ ನಕ್ಕರು. ಪಕ್ಕದ ಮನೆಯ ಆಂಟಿ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಡಬ್ಬ ತರಲು ಒಳಗೆ ಹೊರಟಿದ್ದವನು ಅಲ್ಲೇ ತಿರುಗಿ ಗೇಟಿನ ಹತ್ತಿರ ಹೋಗಿ ಎಲ್ಲರಿಗೂ ಬೆನ್ನು ಮಾಡಿ ನಿಂತೆ. ನನ್ನ ಸಿಟ್ಟು ಆಗಲೂ ಹಾಗೆಯೇ, ಈಗಲೂ ಹಾಗೆಯೇ. ಬಂದಾಗ ಬೇರೆ ಯಾವುದೂ ತಲೆಯಲ್ಲಿ ಉಳಿಯುವುದಿಲ್ಲ.

ಅಪ್ಪ ಕರ್ಪೂರದ ತಟ್ಟೆ ಹಿಡಿದು ಬಂದು ಗಾಡಿಗೆ ಆರತಿ ಎತ್ತಿದ. ತಟ್ಟೆಯನ್ನು ಅಮ್ಮನ ಕೈಗೆ ಕೊಟ್ಟು ನನ್ನ ಹತ್ತಿರ ಬಂದ. ರಾಹುಕಾಲ ಶುರುವಾಗಲು ಹತ್ತು ನಿಮಿಷವೂ ಇರಲಿಲ್ಲ, ಅಷ್ಟರೊಳಗೆ ಗಾಡಿ ನಿಂಬೆಹಣ್ಣು ತುಳಿದು ದೇವಸ್ಥಾನದ ಕಡೆ ಹೊರಡಬೇಕಿತ್ತು. ಅಪ್ಪ ಕೀ ಇದ್ದ ಬಲಗೈಯನ್ನು ನನ್ನ ಕಡೆ ಚಾಚಿದ. ತೀರಾ ಹತ್ತಿರ ನಿಂತು ಕೇಳಿದ.

"ಎಣ್ಣೆ ಹಾಕಿದೀಯೇನೋ?"

"ಹಾಕಾಯ್ತು. ಏನೀಗ?" ಎಂದೆ. ಬೀದಿಗೆಲ್ಲ ಕೇಳುವ ಹಾಗೆ ಎಂದೆ.

ಅಪ್ಪ ಒಂದು ಕ್ಷಣ ನನ್ನ ಮುಖ ನೋಡಿದ. ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ತಾನೇ ಹೋಗಿ ಸ್ಟಿಯರಿಂಗಿನ ಮುಂದೆ ಕೂತ. ಅವತ್ತು ನಾಬ್ ಎಳೆಯಲಿಲ್ಲ, ನಾಮ ಹೇಳಲಿಲ್ಲ. ಮಾವ ಪಕ್ಕದಲ್ಲಿ ಕೂತು "ಟೈಮಾಯ್ತು ಭಾವ, ಬಿಡಿ ಬಿಡಿ" ಎನ್ನುತ್ತಿದ್ದ. ಕೀ ತಿರುಗಿಸಿದ, ಗಾಡಿ ಹತ್ತಿಕೊಂಡಿತು, ನಾಲ್ಕು ನಿಂಬೆಹಣ್ಣೂ ಪಚ್ಚೆಂದವು. ಕೆಂಪು ದೀಪ ಉರಿಯುತ್ತಲೇ ಇದ್ದಿರಬೇಕು. ಅದರ ಮೇಲೆ ವಿಭೂತಿ ಇತ್ತು. ಪೊರೆ ಬಂದ ಕಣ್ಣು ಬೇರೆ.

ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ನೀರು ಕುಡಿಯಲು ಒಳಗೆ ಹೋದೆ. ದೇವರ ಮುಂದೆ ಡಬ್ಬ ಕೂತಿತ್ತು. ಸೇವಂತಿಗೆ ಕೂಡ ಅಲುಗಿರಲಿಲ್ಲ.

ಆಮೇಲೆ ನಾನು ಓಡಿದ್ದು ನೆನಪಿದೆ. ಬರಿಗಾಲಲ್ಲಿ, ಆ ಡಬ್ಬವನ್ನು ತಬ್ಬಿಕೊಂಡು, ಹಬ್ಬದ ಬೀದಿಯಲ್ಲಿ ಕುಂಬಳಕಾಯಿ ಒಡೆದ ಚೂರುಗಳ ಮೇಲೆ ಓಡಿದೆ. ಒಂದು ಸ್ಕೂಟರಿನವನು "ಏನಾಯ್ತು ಗುರು" ಎಂದು ಕೇಳಿ ಹಿಂದೆ ಕೂರಿಸಿಕೊಂಡ. ಗಾಡಿ ಹನುಮಂತನಗರದ ಏರಿನ ಮಧ್ಯದಲ್ಲಿ ನಿಂತಿತ್ತು. ಮಾವ ಬಾನೆಟ್ ಎತ್ತಿ ಏನೂ ಅರ್ಥವಾಗದೆ ನೋಡುತ್ತಿದ್ದ. "ಟಕಟಕ ಅಂತ ಶಬ್ದ ಬಂತು ಕಣೋ, ಆಮೇಲೆ ಕಿರ್ ಅಂತು, ಜಾಮ್ ಆಗೋಯ್ತು" ಎಂದ. ಅಪ್ಪ ಸೀಟಿನಿಂದ ಇಳಿದಿರಲಿಲ್ಲ. ಹೂವಿನ ಹಾರ ಹಾಕಿದ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದ. ನನ್ನ ಕೈಯಲ್ಲಿದ್ದ ಡಬ್ಬವನ್ನು ನೋಡಿದ. ಅದರ ಕುಂಕುಮ ನನ್ನ ಶರಟಿಗೆಲ್ಲ ಹತ್ತಿತ್ತು.

"ಹಿಂದಿನ ಸೀಟಲ್ಲಿಡು ಅದನ್ನ" ಎಂದ.

ಎಂಜಿನ್ ಬಿಚ್ಚಿದ ದಿನ ಗ್ಯಾರೇಜಿನಲ್ಲಿ ನಾನೂ ಇದ್ದೆ. ಬೇರಿಂಗುಗಳು ಕರಗಿ ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡಕ್ಕೆ ಕಚ್ಚಿಕೊಂಡಿದ್ದವು. ಕ್ರ್ಯಾಂಕ್ ಸುಟ್ಟು ನೀಲಿಗಟ್ಟಿತ್ತು. ಮೇಸ್ತ್ರಿ ಅದನ್ನು ಪಕ್ಕಕ್ಕಿಟ್ಟು, ಒಂದು ಸಿಲಿಂಡರಿನೊಳಗೆ ಬೆರಳು ಆಡಿಸಿದ.

"ಇಷ್ಟು ವರ್ಷ ಓಡಿರೋ ಗಾಡಿ, ಮೇಲ್ಗಡೆ ನೋಡಿ ಸಾರ್, ಒಂದು ಗೀರಿಲ್ಲ. ಯಾರೋ ಮಗು ಥರ ನೋಡ್ಕೊಂಡಿದಾರೆ" ಎಂದ. ಅಪ್ಪ ಪಕ್ಕದಲ್ಲೇ ನಿಂತಿದ್ದ. ಹೂಂ ಎಂದು ಹೊರಗೆ ಹೋಗಿ ಬೀಡಿ ಹಚ್ಚಿಕೊಂಡ.

ಬೇರೆ ಎಂಜಿನ್ ಕೂರಿಸುವುದು ನಮ್ಮ ಕೈಯಲ್ಲಿ ಆಗುವ ಮಾತಾಗಿರಲಿಲ್ಲ. ಗಾಡಿ ಎರಡು ವರ್ಷ ಮನೆಯ ಗೋಡೆಗೆ ಆನಿಕೊಂಡು ನಿಂತಿತ್ತು, ಆಮೇಲೆ ಗುಜರಿಯವರು ಎಳೆದುಕೊಂಡು ಹೋದರು. ಪೊರೆ ಬಂದ ಕಣ್ಣಿಗೆ ಡ್ರೈವರ್ ಕೆಲಸ ಯಾರೂ ಕೊಡಲಿಲ್ಲ. ಅಪ್ಪ ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಆದ. ನೆಂಟರಲ್ಲಿ ಕಥೆ ಹಬ್ಬಿತ್ತು. "ಹಾಕಾಯ್ತು ಅಂದ ಕಣ್ರೀ, ನನ್ ಕಿವಿಯಾರೆ ಕೇಳ್ದೆ" ಎಂದು ಮಾವ ಎಲ್ಲ ಮದುವೆಮನೆಗಳಲ್ಲೂ ಹೇಳಿದ. ಹಾಕದೆಯೇ ಹಾಕಿದ್ದೀನಿ ಎಂದ ಮರೆಗುಳಿ, ಸೋಮಾರಿ ಎಂದು ನಾನು ಹೆಸರಾದೆ. ಅಪ್ಪ ಅದನ್ನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

ನನಗೆ ಮಾತ್ರ ಗೊತ್ತಿತ್ತು, ನಾನು ಉತ್ತರ ಕೊಟ್ಟದ್ದು ಬೇರೆ ಎಣ್ಣೆಗೆ. ಮಾವನ ಮಾತು ಕಿವಿಯಲ್ಲಿ ಇನ್ನೂ ಉರಿಯುತ್ತಿದ್ದಾಗ ಅಪ್ಪನೂ ಅದನ್ನೇ ಹಂಗಿಸುತ್ತಿದ್ದಾನೆ ಎಂದುಕೊಂಡೆ. ಎಷ್ಟೋ ಸಲ ಕೂತು ಯೋಚಿಸಿದ್ದೇನೆ. ಅಪ್ಪನ ಬಾಯಲ್ಲಿ ಎಣ್ಣೆ ಎಂದರೆ ಒಂದೇ ಅಲ್ಲವೇ, ಅವನು ಕೇಳಿದ್ದು ಗಾಡಿಯದನ್ನೇ, ಹಾಳು ಸಿಟ್ಟಿನಲ್ಲಿ ನನಗೆ ತಿಳಿಯಲಿಲ್ಲ. ಹೇಳೋಣವೆಂದರೆ ಹೇಗೆ ಹೇಳುವುದು? ಹಬ್ಬದ ದಿನ ನೀನು ಕೇಳಿದ್ದಕ್ಕೆ ಕುಡಿದಿದ್ದೀನಿ, ಏನೀಗ ಎಂದೆ ಅಂತ ಯಾವ ಬಾಯಲ್ಲಿ ಹೇಳುವುದು? ನಾನು ಸಿದ್ದಾಪುರದ ಒಂದು ಗ್ಯಾರೇಜಿಗೆ ಸೇರಿ ಎಂಜಿನ್ ಕೆಲಸ ಕಲಿತೆ. ಕುಡಿಯುವುದನ್ನು ಬಿಟ್ಟೆ. ಬಾಯಿ ಬಿಡಲು ಎಂಟು ವರ್ಷ ಬೇಕಾಯಿತು.

ಆ ಅಪಾರ್ಟ್‌ಮೆಂಟಿನಲ್ಲಿ ಅಪ್ಪನ ಮೇಲೆ ದೂರುಗಳಿದ್ದವು. ಬೆಳಿಗ್ಗೆ ಯಾರಾದರೂ ನೆಲಮಹಡಿಯಲ್ಲಿ ಕಾರು ಸ್ಟಾರ್ಟ್ ಮಾಡಿ ರೇಸ್ ಕೊಟ್ಟರೆ, ಓಡಿಹೋಗಿ ಗಾಜು ತಟ್ಟಿ "ಸ್ವಲ್ಪ ತಡೀರಿ ಸಾರ್, ಎಣ್ಣೆ ಮೇಲೆ ಹತ್ಲಿ" ಎನ್ನುತ್ತಿದ್ದನಂತೆ. ಗೇಟ್ ನೋಡಿಕೊಂಡರೆ ಸಾಕು ಎಂದು ಸೆಕ್ರೆಟರಿ ಎರಡು ಸಲ ಎಚ್ಚರಿಸಿದ್ದರು. ಇದನ್ನು ಅಮ್ಮನಿಂದ ಕೇಳಿದ ದಿನ ನನಗೆ ತಡೆಯಲಾಗಲಿಲ್ಲ. ಮಧ್ಯಾಹ್ನ ಅಪ್ಪನ ಊಟದ ಡಬ್ಬಿಯನ್ನು ನಾನೇ ತೆಗೆದುಕೊಂಡು ಹೋದೆ. ಗೇಟಿನ ಪಕ್ಕದ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಅಪ್ಪ ಮೊಸರನ್ನ ತಿನ್ನತೊಡಗಿದ. ನಾನು ಕಟ್ಟೆಯ ಮೇಲೆ ಕೂತು, ಅವನ ಮುಖ ನೋಡದೆ ಹೇಳಿದೆ.

"ಅಪ್ಪ, ಅವತ್ತು ನೀನು ಗಾಡಿಗೆ ಎಣ್ಣೆ ಹಾಕಿದೀಯಾ ಅಂತ ಕೇಳ್ದೆ. ನಾನು ಕುಡಿಯೋ ಎಣ್ಣೆ ಅನ್ಕೊಂಡು ಹಾಕಾಯ್ತು ಅಂದ್ಬಿಟ್ಟೆ. ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ."

ಅಪ್ಪ ತುತ್ತು ನುಂಗಿ, ಡಬ್ಬಿ ಪಕ್ಕಕ್ಕಿಟ್ಟ.

"ನಾನು ಕೇಳಿದ್ದೂ ಕುಡಿಯೋದನ್ನೇ. ವಾಸನೆ ಬರ್ತಿತ್ತು. ಕೀ ಕೊಡೋಕ್ಕೆ ಮುಂಚೆ ಕೇಳ್ದೆ."

ನಾನು ತಿರುಗಿ ಅವನ ಮುಖ ನೋಡಿದೆ. "ಮತ್ತೆ ಮಾವ ಊರೆಲ್ಲ ಹೇಳ್ಕೊಂಡು ಬಂದಾಗ ಸುಮ್ನಿದ್ದೆಯಲ್ಲ?"

"ಮರೆತ ಅಂದ್ರೆ ಜನ ನಾಲ್ಕು ದಿನ ಆಡ್ಕೊಂಡು ಬಿಡ್ತಾರೆ. ಕುಡಿದಿದ್ದ ಅಂದ್ರೆ ಡ್ರೈವರ್ ಕೈಗೆ ಯಾರು ಗಾಡಿ ಕೊಡ್ತಾರೆ?"

"ಗಾಡಿ ಎಣ್ಣೆ ವಿಷಯ ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲಪ್ಪ."

ಅಪ್ಪ ಕೈ ತೊಳೆದುಕೊಂಡು, ಟವಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. "ಅದನ್ನ ನಿನ್ನ ಕೇಳ್ಬೇಕು ಅಂತ ನಂಗೆ ಹೊಳೀಲೇ ಇಲ್ಲ ಕಣೋ. ಅದೊಂದ್ರಲ್ಲಿ ನಿನ್ನ ಮೇಲೆ ಅಷ್ಟು ನಂಬಿಕೆ ಇತ್ತು."

ಹೊರಗೆ ಯಾರೋ ಹಾರನ್ ಹೊಡೆದರು. ಅಪ್ಪ ಟೋಪಿ ಹಾಕಿಕೊಂಡು ಗೇಟು ತೆಗೆಯಲು ಎದ್ದ.