ಗಂಟಿ ಗೌಡ್ರು

ಗದಗಿನ ಟ್ರೇನಿಂಗ್ ಕಾಲೇಜಿನಲ್ಲಿ ನಮಗೆ ಮನಶ್ಶಾಸ್ತ್ರ ಕಲಿಸಿದವರು ಲಕ್ಷ್ಮೇಶ್ವರದ ಒಬ್ಬ ಮಾಸ್ತರು. ಪರದೇಶದ ಪಂಡಿತರ ಹೆಸರುಗಳಿಗೆ ನಮ್ಮ ನಾಲಿಗೆ ಹೊರಳುತ್ತಿರಲಿಲ್ಲ. "ಹೆಸರು ಆಮ್ಯಾಲೆ, ಮೊದಲ ಮಾಡಿದ ಕೆಲಸ ತಿಳ್ಕೋರಿ" ಎನ್ನುತ್ತ, ಧೋತರದ ಚುಂಗಿನಿಂದ ಕನ್ನಡಕ ಒರೆಸುತ್ತ, ಆ ಪಂಡಿತರಿಗೆಲ್ಲ ಅವರು ನಮ್ಮ ಕಡೆಯ ಹೆಸರಿಟ್ಟಿದ್ದರು. ಕನಸುಗಳಲ್ಲಿ ಮನಸ್ಸಿನ ಗುಟ್ಟು ಹುಡುಕಿದವರು ಕನಸಿನ ಡಾಕ್ಟರು. ಅಗಲ ಬೋಗುಣಿಯ ನೀರನ್ನು ಉದ್ದ ಲೋಟಕ್ಕೆ ಸುರಿದು, ಹೆಚ್ಚಾಯಿತೇ ಎಂದು ಮಕ್ಕಳನ್ನು ಕೇಳಿದವರು ಬೋಗುಣಿ ಸಾಹೇಬರು. ದಿನಾಲೂ ಗಂಟೆ ಬಾರಿಸಿ ನಾಯಿಗೆ ಊಟ ಹಾಕಿ, ಕೊನೆಗೆ ಬರೀ ಗಂಟೆಗೇ ಅದರ ಬಾಯಲ್ಲಿ ನೀರೂರುವುದನ್ನು ತೋರಿಸಿದವರು ಗಂಟಿ ಗೌಡ್ರು.

ಏಕೀಕರಣದ ಹೊಸತರಲ್ಲಿ ಮೈಸೂರು ಕಡೆಯ ಇನ್‌ಸ್ಪೆಕ್ಟರು ಬಾಯಿಪರೀಕ್ಷೆಗೆ ಬಂದರು.

"ನಾಯಿಯ ಪ್ರಯೋಗ ಮಾಡಿದವರು ಯಾರಪ್ಪಾ?"

"ಗಂಟಿ ಗೌಡ್ರು, ಸಾಹೇಬ್ರ" ಎಂದುಬಿಟ್ಟೆ.

ಅವರು ಸೊನ್ನೆ ಬರೆಯಲು ಪೆನ್ನು ತೆರೆದರು. ಮಾಸ್ತರು ಎದ್ದು ನಿಂತರು. "ತಪ್ಪು ನಂದ್ರಿ. ಹುಡುಗಗ ಹೆಸರು ಬ್ಯಾಡ, ಕೆಲಸ ಕೇಳ್ರಿ."

"ಹೆಸರೇ ಗೊತ್ತಿಲ್ಲದವನು ಕೆಲಸ ಏನು ಹೇಳ್ತಾನೆ?"

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಇನ್‌ಸ್ಪೆಕ್ಟರು ಉಗುಳು ನುಂಗಿ ಬಾಗಿಲ ಕಡೆ ನೋಡಿದರು.

ಮಾಸ್ತರು ಕನ್ನಡಕ ಒರೆಸುತ್ತ ನನ್ನ ಕಡೆ ತಿರುಗಿದರು. "ಹೇಳೋ ತಮ್ಮಾ, ಸಾಹೇಬ್ರಿಗೆ ಈಗ ಏನಾತು?"