ಅಕ್ಕ ಕೊಟ್ಟ ಕಾರ್ ಸೀಟು

ನಮ್ಮ ಮನೆಗಳಲ್ಲಿ ಚೊಚ್ಚಲ ಮಗುವಿಗೆ ಹೊಸ ತೊಟ್ಟಿಲು ತರುವುದಿಲ್ಲ. ಮಕ್ಕಳು ಮಲಗಿ, ಬೆಳೆದು, ಓಡಾಡಿಕೊಂಡಿರುವ ಮನೆಯಿಂದಲೇ ತೊಟ್ಟಿಲು ಬರಬೇಕು. ಬರುವಾಗ ಬರಿದಾಗಿ ಬರಬಾರದು. ಒಳಗೆ ಒಂದಿಷ್ಟು ಅಕ್ಕಿ, ಒಂದಚ್ಚು ಬೆಲ್ಲ, ಒಂದು ರವಿಕೆ ಬಟ್ಟೆ ಇರಬೇಕು. ಇನ್ನೂ ಒಂದು ಕಟ್ಟಳೆ ಇದೆ, ನನ್ನನ್ನು ಹಳ್ಳಕ್ಕೆ ಕೆಡವಿದ್ದು ಅದೇ. ಬಂದ ತೊಟ್ಟಿಲನ್ನು ಬೋರಲು ಹಾಕಿ ನೋಡುವಂತಿಲ್ಲ. ನೋಡಿದರೆ ಕೊಟ್ಟವರನ್ನು ಅನುಮಾನಿಸಿದಂತೆ, ಮಗುವಿಗೂ ಒಳ್ಳೆಯದಲ್ಲ ಎನ್ನುತ್ತಾರೆ.

ನನ್ನ ಮಗಳಿಗೆ ತೊಟ್ಟಿಲಷ್ಟೇ ಅಲ್ಲ, ಕಾರ್ ಸೀಟೂ ಹೀಗೆಯೇ ಬಂತು. ಬಾಣಂತನ ಮುಗಿಸಿಕೊಂಡು ಅಕ್ಕಿಹೆಬ್ಬಾಳಿನ ತವರಿನಿಂದ ಶ್ರೀರಂಗಪಟ್ಟಣದ ನಮ್ಮ ಮನೆಗೆ ಹೊರಡುವ ದಿನ, ಪಾಂಡವಪುರದಿಂದ ನನ್ನ ಅಕ್ಕ ಬಂದಳು. ಅವಳ ಮಗ ಈಗ ಮೂರನೇ ಕ್ಲಾಸು. ಅವನು ಕೂಸಾಗಿದ್ದಾಗ ಕೂರಿಸುತ್ತಿದ್ದ ಬೂದು ಬಣ್ಣದ ಸೀಟನ್ನು ಒಗೆದು ಒಣಗಿಸಿ, ಅದರೊಳಗೆ ಅಕ್ಕಿ ಬೆಲ್ಲ ಇಟ್ಟು ತಂದಿದ್ದಳು.

ಅಮ್ಮ ಅಷ್ಟಕ್ಕೇ ಬಿಡಲಿಲ್ಲ. ಅಡುಗೆಮನೆಯ ಗುಂಡುಕಲ್ಲು ತಂದು, ಅದಕ್ಕೊಂದು ಕುಲಾವಿ ತೊಡಿಸಿ, ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿಸಿದಳು. ತೊಟ್ಟಿಲಿಗೆ ಮೊದಲು ಕಲ್ಲು, ಆಮೇಲೆ ಮಗು ಎಂಬ ಶಾಸ್ತ್ರ ಕಾರಿಗೂ ಬಂತು. ಕುಲಾವಿ ಹಾಕಿಕೊಂಡು, ಬೆಲ್ಟು ಬಿಗಿದುಕೊಂಡು ಗಂಭೀರವಾಗಿ ಕೂತ ಕಲ್ಲಿಗೆ ಆರತಿ ಎತ್ತುವಾಗ ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅಕ್ಕನೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಆ ನಗು ನೆನಪಾದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನನ್ನ ಗಂಡ ತಳದಲ್ಲಿ ಏನೋ ಬರೆದಿದೆಯಲ್ಲ ಎಂದು ಸೀಟನ್ನು ಎತ್ತಿ ತಿರುಗಿಸಲು ಹೋದ. ನಾನೇ ಅವನ ಕೈ ಮೇಲೆ ಒಂದು ಬಿಟ್ಟೆ.

“ನಮ್ಮಕ್ಕ ಕೊಟ್ಟಿರದನ್ನ ಬೋರ್ಲಾಕಿ ನೋಡ್ತೀಯಾ?”

“ನೋಡ್ಲಿ ಬುಡಮ್ಮಿ,” ಅಂದಳು ಅಕ್ಕ. “ಒಂದು ಗೀರು ಬಿದ್ದಿಲ್ಲ. ಬಂಗಾರದಂಗೆ ಮಡಿಕಂಡಿದ್ದೆ.”

ಅವಳು ಅಷ್ಟು ಹೇಳಿದ ಮೇಲೆ ಯಾರು ನೋಡುತ್ತಾರೆ? ಗಂಡ ಕೈ ಹಿಂದಕ್ಕೆ ತೆಗೆದುಕೊಂಡ. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ, ಓದುವವರು ಬೇಕಾದರೆ ನಗಲಿ. ಕೆಮ್ಮಿನ ಔಷಧಿಯ ಬಾಟಲಿ ಕೈಗೆ ಬಂದರೆ ಮೊದಲು ತಿರುಗಿಸಿ ತಾರೀಖು ನೋಡುವುದೇ ನನ್ನ ಹೊಟ್ಟೆಪಾಡು. ತಾರೀಖು ದಾಟಿದ ಮಾತ್ರೆ ಒಂದು ಸಿಕ್ಕರೂ ಅಂಗಡಿಯವರಿಗೇ ಬೈಯುತ್ತೇನೆ. ಅಂಥವಳು ಒಂದು ವರ್ಷ ಕಾಲ ಆ ಸೀಟಿನ ತಳ ನೋಡಲಿಲ್ಲ. ಮಕ್ಕಳ ಸೀಟಿಗೂ ಗಡುವು ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಆ ಒಂದು ವರ್ಷ ತಿಂಗಳಿಗೆರಡು ಭಾನುವಾರವಾದರೂ ಮಗಳನ್ನು ಹಿಂದೆ ಕೂರಿಸಿಕೊಂಡು ನಾನೇ ಕಾರು ಓಡಿಸಿಕೊಂಡು ತವರಿಗೆ ಹೋಗುತ್ತಿದ್ದೆ. ಪಾಂಡವಪುರದಲ್ಲಿ ಅಕ್ಕನ ಮನೆಯಲ್ಲಿ ಕಾಫಿ, ಆಮೇಲೆ ಚಿನಕುರಳಿ, ಕೆ.ಆರ್. ಪೇಟೆ, ಅಲ್ಲಿಂದ ಊರು. ಕಬ್ಬು ಕಡಿಯುವ ದಿನಗಳಲ್ಲಿ ಆ ರಸ್ತೆ ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಗೊತ್ತು. ರಸ್ತೆಯಷ್ಟೇ ಅಗಲ ಕಬ್ಬು ಹೇರಿಕೊಂಡ ಟ್ರಾಕ್ಟರು, ಹಿಂದೆ ಒಂದು ದೀಪವೂ ಇರುವುದಿಲ್ಲ. ಪ್ರತಿ ಸಲ ಬ್ರೇಕು ಒತ್ತಿದಾಗಲೂ ಕನ್ನಡಿಯಲ್ಲಿ ಮಗಳನ್ನು ನೋಡಿಕೊಂಡು, ಸೀಟಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆ. ಅಕ್ಕ ಪ್ರತಿ ಸಲ ಗೇಟಿನವರೆಗೆ ಬಂದು, ತಾನೇ ಮಗಳಿಗೆ ಬೆಲ್ಟು ಹಾಕಿ, ಕೆನ್ನೆ ಹಿಂಡಿ ಕಳಿಸುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಮಗಳು ಕುಡಿದ ಕಬ್ಬಿನ ಹಾಲನ್ನೆಲ್ಲ ಸೀಟಿನ ಮೇಲೆ ಕಕ್ಕಿದಳು. ಉಜ್ಜಿ ತೊಳೆಯುವ ಭರದಲ್ಲಿ ಕವರು ಹರಿಯಿತು. ಸೀಟನ್ನೇ ತೆಗೆದು ಶ್ರೀರಂಗಪಟ್ಟಣದಲ್ಲೇ ಕಾರಿನ ಸೀಟು ಹೊಲಿಯುವ ಚಾಚಾ ಒಬ್ಬರ ಅಂಗಡಿಗೆ ಕೊಟ್ಟು ಕೆಲಸಕ್ಕೆ ಹೋದೆ. ಮಧ್ಯಾಹ್ನ ಊಟದ ಹೊತ್ತಿಗೆ ಅವರದೇ ಫೋನು.

“ಬೇಟಿ, ಒಸಿ ಬಂದೋಗು. ಫೋನಲ್ಲಿ ಹೇಳೋದಲ್ಲ.”

ಹೋದೆ. ಚಾಚಾ ಸೀಟನ್ನು ಬೋರಲು ಹಾಕಿಟ್ಟಿದ್ದರು. ತಳದಲ್ಲಿ ನಗುವ ಕರಡಿಯ ಸ್ಟಿಕ್ಕರು, ಅರ್ಧ ಕಿತ್ತಿತ್ತು. ಅದರ ಕೆಳಗೆ ಪ್ಲಾಸ್ಟಿಕ್ಕಿನಲ್ಲೇ ಅಚ್ಚೊತ್ತಿದ ತಯಾರಿಕೆಯ ತಾರೀಖು, ಪಕ್ಕದಲ್ಲಿ ಇಂಥ ವರ್ಷದ ನಂತರ ಬಳಸಬಾರದು ಎಂಬ ಸೂಚನೆ. ಆ ವರ್ಷ ದಾಟಿ ಎರಡು ವರ್ಷವಾಗಿತ್ತು. ಅಂದರೆ ನನ್ನ ಮಗಳು ಹುಟ್ಟುವ ಮೊದಲೇ ಅದರ ಆಯಸ್ಸು ಮುಗಿದಿತ್ತು.

“ಬಿಸ್ಲಲ್ಲಿ ನಿಂತೂ ನಿಂತೂ ಪ್ಲಾಸ್ಟಿಕ್ಕು ಗರಿಗರಿ ಆಗೋಗ್ತದೆ,” ಅಂದರು ಚಾಚಾ. “ಅದ್ಕೇ ಡೇಟ್ ಹಾಕ್ತಾರೆ. ಅದು ಬಿಡು, ಗೊತ್ತಿಲ್ದೆ ಆಗಿರ್ತದೆ. ಇದು ನೋಡು.”

ಕವರು ಬಿಚ್ಚಿದ ಸೀಟಿನ ತಲೆ ಆನಿಸುವ ಜಾಗದಲ್ಲಿ ಒಳಗಿನ ಥರ್ಮಾಕೋಲು ಎರಡು ಹೋಳಾಗಿತ್ತು. ಎರಡನ್ನೂ ಸೇರಿಸಿ ಅಂಟು ಹಾಕಿ, ಮೇಲೆ ಕಂದು ಟೇಪು ಸುತ್ತಿತ್ತು. ಹಿಂದಿನ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯಂಥ ಬಿಳಿ ಬಿರುಕು.

“ಇದು ಜೋರಾಗಿ ಏಟು ತಿಂದಿರೋ ಸೀಟು. ಹೆಲ್ಮೆಟ್ ಇದ್ದಂಗೆ ಬೇಟಿ, ಒಂದ್ಸಲ ಏಟು ತಗೊಂಡ್ರೆ ಅದರ ಕೆಲಸ ಖತಂ. ಆಮ್ಯಾಕೆ ನೋಡೋಕೆ ಮಾತ್ರ ಸೀಟು. ಇದಕ್ಕೆ ಕವರ್ ಹೊಲ್ಕೊಟ್ರೆ ನನಗೆ ಪಾಪ ಸುತ್ಕೊಳ್ತದೆ.”

ಬೇರೆ ಯಾರಾದರೂ ಅಂಟಿಸಿರಬಹುದು, ಅಕ್ಕನಿಗೆ ಗೊತ್ತಿರಲಿಕ್ಕಿಲ್ಲ ಎಂದು ಮನಸ್ಸು ಒಂದು ಕ್ಷಣ ದಾರಿ ಹುಡುಕಿತು. ಅಷ್ಟರಲ್ಲಿ ಚಾಚಾ ಬಿಚ್ಚಿದ ಕವರನ್ನು ಕೈಗಿತ್ತರು. ಒಳಮೈಯಲ್ಲಿ ಒಂದು ಗೇಣುದ್ದ ಕೈಹೊಲಿಗೆ, ನೀಲಿ ದಾರ. ಹಿಂದೆ ಹಾಕಿ ಮುಂದೆ ತೆಗೆಯುವ ಒತ್ತೊತ್ತು ಹೊಲಿಗೆ, ಮೂರು ಹೊಲಿಗೆಗೊಂದು ಗಂಟು. ಹಾಗೆ ಗಂಟು ಹಾಕುವುದನ್ನು ಅಮ್ಮ ನಮ್ಮಿಬ್ಬರಿಗೂ ಜಗುಲಿಯ ಮೇಲೆ ಕೂರಿಸಿಕೊಂಡು ಕಲಿಸಿದ್ದಳು. ನನ್ನ ಗಂಟು ಯಾವಾಗಲೂ ಸಡಿಲ, ಅಕ್ಕನದು ಬಿಗಿ. ಇವು ಬಿಗಿಯಾಗಿದ್ದವು. ಸೂಜಿ ಹಿಡಿದು, ಒಡೆದದ್ದನ್ನು ಕಣ್ಣಾರೆ ನೋಡಿ, ಅದನ್ನು ಒಳಗಿಟ್ಟು ಹೊಲಿದವಳು ನನ್ನ ಅಕ್ಕ.

ಅಂಗಡಿಗೆ ಅರ್ಧ ದಿನ ರಜೆ ಹೇಳಿದೆ. ಮಗಳನ್ನು ನೋಡಿಕೊಳ್ಳುವಂತೆ ಗಂಡನಿಗೆ ತಿಳಿಸಿ, ಸೀಟನ್ನು ಡಿಕ್ಕಿಗೆ ಹಾಕಿಕೊಂಡು ನೇರ ಪಾಂಡವಪುರಕ್ಕೆ ಹೋದೆ. ಅಕ್ಕ ಹಪ್ಪಳ ಒಣಹಾಕುತ್ತಿದ್ದಳು.

“ಇದೇನಮ್ಮಿ ಇಂಗ್ ಬಂದ್ಬುಟ್ಟೆ? ಮಗು ಎಲ್ಲಿ?”

ಹಪ್ಪಳದ ಪಕ್ಕದಲ್ಲೇ ಸೀಟನ್ನು ಬೋರಲು ಇಟ್ಟೆ. ಅವಳ ಮುಖ ಒಂದು ಸಲ ಬಿಳಿಚಿತು, ಕೂಡಲೇ ಸರಿಯಾಯಿತು.

“ಹಳೇದು ಕಣಮ್ಮಿ, ಒಡೆದಿರ್ತದೆ. ಬುಡು ಅತ್ಲಾಗೆ.”

“ಒಡೆದಿದ್ ಯಾಕೆ ಅಂತ ಕೇಳ್ತಿಲ್ಲ ಕಣಕ್ಕ. ಹೊಲ್ದಿದ್ ಯಾರು?”

ಅಕ್ಕ ಅತ್ತಳು. ಅಳುತ್ತಲೇ ಎಲ್ಲ ಹೇಳಿದಳು. ಅವಳ ಮಗನಿಗೆ ಒಂದೂವರೆ ವರ್ಷವಿದ್ದಾಗ ನಾಗಮಂಗಲದಲ್ಲಿ ಭಾವನ ನೆಂಟರ ಮನೆಯಲ್ಲಿ ಬೀಗರೂಟವಿತ್ತು. ಬಾಡೂಟದ ಜೊತೆ ಭಾವ ಕುಡಿದದ್ದೂ ಜಾಸ್ತಿಯಾಗಿತ್ತು. ಸಂಜೆ ಹಿಂದಿರುಗುವಾಗ ಕಬ್ಬಿನ ಟ್ರಾಕ್ಟರಿಗೆ ಹಿಂದಿನಿಂದ ಗುದ್ದಿದ್ದರು. ಕಾರಿನ ಮೂತಿ ಜಜ್ಜಿಹೋಗಿ ಅಲ್ಲೇ ನಿಂತಿತು. ಮಗುವಿಗೆ ಏನೂ ಆಗಲಿಲ್ಲ. ಕುಡಿದು ಗುದ್ದಿದ ಎಂದು ಗಂಡನಿಗೆ ಕೆಟ್ಟ ಹೆಸರು ಬರುತ್ತದೆಂದು ತವರಿಗೆ ಸುದ್ದಿ ಮುಟ್ಟಿಸಲಿಲ್ಲ. ಕಾರು ಸರ್ವೀಸಿಗೆ ಬಿಟ್ಟಿದ್ದೇವೆ ಎಂದು ನಮಗೆ ಹೇಳಿದ್ದಳು, ನಾವು ನಂಬಿದ್ದೆವು.

“ಆ ಸೀಟೇ ಕಣಮ್ಮಿ ನನ್ ಮಗೀನ ಉಳಿಸಿದ್ದು. ಪುಣ್ಯದ ಸೀಟು ಅಂತ್ಲೇ ನಿನಗೆ ಕೊಟ್ಟೆ. ನನ್ನಾಣೆಗೂ.”

ಸತ್ಯ ಹೇಳುತ್ತೇನೆ, ಅಷ್ಟು ಹೊತ್ತಿಗೆ ನಾನು ಕರಗಿದ್ದೆ. ನಮ್ಮವರಿಗೆ ಮಗು ಉಳಿದ ಜಾಗವೆಂದರೆ ದೇವರ ಜಾಗವೇ. ಅಂಟು ಹಾಕಿದ್ದು, ಸುಳ್ಳು ಹೇಳಿದ್ದು ಎರಡೂ ತಪ್ಪೇ, ಆದರೆ ತಿಳಿಯದೆ ಮಾಡಿದ್ದು, ಗಂಡನ ಮಾನಕ್ಕೆ ಹೆದರಿ ಮಾಡಿದ್ದು ಎಂದುಕೊಂಡೆ. ಅವಳ ಬೆನ್ನ ಮೇಲೆ ಕೈ ಇಡಲು ಹೋದೆ.

ಅಕ್ಕ ಕಣ್ಣೊರೆಸಿಕೊಂಡು ಎದ್ದಳು. “ತಡಿ, ಬರಿಗೈಲಿ ಹೋಗ್ಬ್ಯಾಡ,” ಎಂದು ಸ್ಟೂಲು ಹಾಕಿ ಅಟ್ಟದಿಂದ ಒಂದು ದೊಡ್ಡ ಗಂಟು ಇಳಿಸಿದಳು. ಹಳೆಯ ಸೀರೆ ಬಿಚ್ಚಿದರೆ ಒಳಗೆ ಇನ್ನೊಂದು ಮಕ್ಕಳ ಸೀಟು. ಕೆಂಪು ಬಣ್ಣ, ಬೆಲ್ಟಿನ ಅಂಚು ಕೂಡ ನವೆದಿಲ್ಲ, ತಲೆಯ ಹತ್ತಿರ ಪ್ಲಾಸ್ಟಿಕ್ ಹಾಳೆಯೂ ಹಾಗೇ ಇತ್ತು.

“ಇದನ್ನ ಮಡಿಕ್ಕೋ. ಇದಕ್ಕೇನೂ ಆಗಿಲ್ಲ.”

“ಇದು ಯಾವಾಗ ತಗೊಂಡಿದ್ದು?”

“ಅದೇ, ಗುದ್ದಿದ್ ವಾರದಲ್ಲೇ. ಏಟು ಬಿದ್ದಿರದ್ರಲ್ಲಿ ಮಗೀನ ಕೂರುಸ್ಬ್ಯಾಡಿ ಅಂತ ಗ್ಯಾರೇಜ್‌ನೋನು ಹೇಳ್ದ. ಅದ್ಕೆ ಹೊಸದು ತಂದ್ವಿ.”

ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆನೆಂದು ಅವಳಿಗೆ ಗೊತ್ತಾಯಿತು. ನನಗೂ ಗೊತ್ತಾಯಿತು.

“ಇದು ಅಟ್ಟದ ಮೇಲಿದ್ದಾಗ, ನನ್ ಮಗಳಿಗೆ ಅದನ್ನ ಯಾಕ್ ತಂದೆ ಅಕ್ಕ?”

“ನಾಗಮಂಗಲದ ನಾದಿನಿಗೆ ಮದ್ವೆ ಆಗಿತ್ತಲ್ಲ. ಅವಳಿಗೆ ಮಗು ಆದ್ರೆ ಬೇಕಾಯ್ತದೆ ಅಂತ ಅತ್ತೆ ಹೇಳಿದ್ರು. ಗಂಡನ ಮನೆಯೋರಿಗೆ ಒಡಕಲು ಕೊಟ್ಟು ನಾಳೆ ಹೆಚ್ಚುಕಮ್ಮಿ ಆದ್ರೆ ನನ್ನ ಸುಮ್ನೆ ಬುಟ್ಟಾರಾ?” ಅವಳು ನನ್ನ ಕೈ ಹಿಡಿದುಕೊಂಡಳು. “ನೀನಾದ್ರೆ ನನ್ನೋಳು. ನೀನೇನೂ ಅನ್ನಲ್ಲ ಅಂತ...”

ಕೈ ಬಿಡಿಸಿಕೊಂಡೆ. ಅವಳು ಅದನ್ನು ಪ್ರೀತಿಯೆಂದೇ ಹೇಳಿದ್ದು, ಅದೇ ನನ್ನ ಹೊಟ್ಟೆಗೆ ಬೆಂಕಿ ಇಟ್ಟದ್ದು. ಯಾವ ಮನೆಯ ಮಗುವಿಗೆ ಪೆಟ್ಟಾದರೆ ತನ್ನ ಮೇಲೆ ಮಾತು ಬರುವುದಿಲ್ಲ ಎಂದು ಅಕ್ಕ ಯೋಚಿಸಿದ್ದಳು, ಯೋಚಿಸಿ ನನ್ನ ಮಗಳನ್ನು ಆರಿಸಿದ್ದಳು. ಆಮೇಲೆ ಒಂದು ವರ್ಷ ಗೇಟಿನವರೆಗೆ ಬಂದು, ತನ್ನ ಕೈಯಾರೆ ಅದೇ ಒಡಕಲಿಗೆ ಬೆಲ್ಟು ಹಾಕಿ ಕಳಿಸಿದ್ದಳು.

ಕೆಂಪು ಸೀಟನ್ನು ನಾನು ಬೋರಲು ಹಾಕಿ, ಅವಳ ಕಣ್ಣೆದುರೇ ತಾರೀಖು ಓದಿದೆ. ಗಡುವಿಗೆ ಇನ್ನು ಕೆಲವೇ ತಿಂಗಳಿತ್ತು. “ನಿನ್ ನಾದಿನಿಗೂ ಇದನ್ನ ಕೊಡ್ಬೇಡ, ಅವಳ ಮಗು ಕೂರೋ ಹೊತ್ತಿಗೆ ಇದರದ್ದೂ ಮುಗಿದಿರ್ತದೆ,” ಎಂದು ಹೇಳಿ, ಒಡಕಲನ್ನು ಎತ್ತಿಕೊಂಡು ಹೊರಟೆ. ಅಲ್ಲಿ ಬಿಟ್ಟುಬಂದರೆ ಮತ್ತೆ ಹೊಲಿದು ಯಾರಿಗಾದರೂ ಕೊಡುತ್ತಾಳೆ ಎನಿಸಿತು. ನನ್ನ ಅಕ್ಕನ ಬಗ್ಗೆ ಹಾಗೆ ಎನಿಸಿದ್ದು ಅದೇ ಮೊದಲು.

ಮನೆಗೆ ಬಂದು ದೊಡ್ಡ ಕತ್ತರಿಯಲ್ಲಿ ಬೆಲ್ಟುಗಳನ್ನೆಲ್ಲ ಕತ್ತರಿಸಿದೆ. ಬೆನ್ನ ಮೇಲೆ ಮಾರ್ಕರಿನಲ್ಲಿ “ಅಪಘಾತವಾದ ಸೀಟು, ಮಗು ಕೂರಿಸಬೇಡಿ” ಎಂದು ದಪ್ಪಗೆ ಬರೆದು ಗುಜರಿಗೆ ಹಾಕಿದೆ. ವಾರದೊಳಗೆ ಹೊಸ ಸೀಟು ತಂದೆವು. ಅಲ್ಲಿಯವರೆಗೆ ಮಗಳನ್ನು ಕಾರಿಗೆ ಹತ್ತಿಸಲಿಲ್ಲ. ಯಾವ ಶಾಸ್ತ್ರವನ್ನೂ ಮಾಡಲು ಬಿಡಲಿಲ್ಲವೆಂದು ಅಮ್ಮ ಮುನಿಸಿಕೊಂಡಳು. ಕಾರಣ ಅವಳಿಗೆ ಹೇಳಿಲ್ಲ. ಹೇಳಿದರೆ ಅಕ್ಕನ ಪರ ಮಾತಾಡುತ್ತಾಳೇನೋ ಎಂಬ ಹೆದರಿಕೆ.

ಅಕ್ಕ ಬರುವುದು ನಿಂತಿಲ್ಲ, ನಾನು ಮಾತು ಬಿಟ್ಟಿಲ್ಲ. ಹೋದ ವಾರವೂ ಬಂದಿದ್ದಳು, ಮಗಳಿಗೆಂದು ಕಜ್ಜಾಯ ಮಾಡಿ ತಂದಿದ್ದಳು. ಮಗಳು ದೊಡ್ಡಮ್ಮನ ತೊಡೆಯೇರಿ ಬಾಯಿ ಕಳೆದು ಕೂತಿದ್ದಳು. ನಾನು ಹೋಗಿ ಅಕ್ಕನ ಕೈಯಿಂದ ಆ ಕಜ್ಜಾಯ ತೆಗೆದುಕೊಂಡು, ಒಂದು ತುಂಡು ಮುರಿದು ಮೊದಲು ನಾನೇ ತಿಂದು ನೋಡಿದೆ.