ಬೀದಿಯಲ್ಲಿ ಉಕ್ಕಿದ ಹಾಲು

ನನ್ನ ಗಂಡ ಶಿವನಸಮುದ್ರದ ಪವರ್‌ಹೌಸಿನಲ್ಲಿ ಕೆಲಸಕ್ಕಿದ್ದರು. ಜ್ವರ ಬಂದು ತೀರಿಕೊಂಡರು. ಸರ್ಕಾರದ ಕ್ವಾರ್ಟರ್ಸು ಕೆಲಸಗಾರನದು, ಅವನ ಹೆಂಡತಿಯದಲ್ಲ ಎಂದು ಆಗ ಗೊತ್ತಾಯಿತು. ತಿಥಿ ಮುಗಿಯುವುದನ್ನೇ ಕಾಯುತ್ತಿದ್ದವರ ಹಾಗೆ ಖಾಲಿ ಮಾಡಿ ಎಂದರು. ಮಾಡಿದೆ. ಅತ್ತು ಕರೆದು ಇನ್ನೊಂದು ತಿಂಗಳು ಬೇಡುವ ಹೆಂಗಸು ನಾನಲ್ಲ.

ಅಣ್ಣ ಮಳವಳ್ಳಿಯಲ್ಲಿ ಒಂದು ಬಾಡಿಗೆ ಮನೆ ಗೊತ್ತು ಮಾಡಿದ್ದ. ಇಬ್ಬರು ಹೆಣ್ಣುಮಕ್ಕಳನ್ನು ಗಾಡಿ ಹತ್ತಿಸಿಕೊಂಡು ಹೊರಟೆ. ಕರೆಂಟಿನ ಒಲೆಯನ್ನು ಮುಚ್ಚಳವಿಲ್ಲದ ಮರದ ಪೆಟ್ಟಿಗೆಯಲ್ಲಿಟ್ಟು ಜೋಪಾನವಾಗಿ ತಂದೆ. ಕ್ವಾರ್ಟರ್ಸಿನಲ್ಲಿ ಕರೆಂಟು ಬಿಟ್ಟಿ. ಹಗಲಲ್ಲೂ ದೀಪ ಆರಿಸದ ಜನ ನಾವು. ತಂತಿಯೇ ಇಲ್ಲದ ಮನೆ ಇರಬಹುದೆಂದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ. ಒಂದು ತುಂಡು ಸೌದೆ ತಂದಿರಲಿಲ್ಲ.

ಮನೆಯೊಡತಿ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು ಜಗುಲಿಯ ಮೇಲೆ ನಿಂತಿದ್ದಳು. ಒಲೆ ನೋಡಿ ಕಿಸಕ್ಕನೆ ನಕ್ಕಳು. ಆಮೇಲೆ ನನ್ನ ಬರಿ ಹಣೆ ನೋಡಿದಳು.

"ಆಲು ಉಕ್ಸಕ್ಕೆ ಮುತ್ತೈದೆ ಯಾರೂ ಬರ್ನಿಲ್ವ?"

"ನಾನೇ ಉಕ್ಸ್ತೀನಿ."

"ಗಂಡ ಸತ್ತೋಳು ಉಕ್ಸುದ್ರೆ ನಮ್ ಮನೆ ಉದ್ಧಾರಾದಂಗೇ ಕಣಮ್ಮ. ಯಾರ್ನಾರ ಕರ್ಕಂಡ್ ಬಾ, ಬೀಗ ತೆಗಿತೀನಿ. ಇಲ್ದಿದ್ರೆ ಗಾಡಿ ತಿರುಗ್ಸು."

ಮೈಯೆಲ್ಲ ಉರಿದುಹೋಯಿತು. ಕ್ವಾರ್ಟರ್ಸಿಗೆ ಆಗಲೇ ಬೇರೆ ಬೀಗ ಬಿದ್ದಿತ್ತು; ಗಾಡಿ ತಿರುಗಿಸಿ ಎಲ್ಲಿಗೆ ಹೋಗಲಿ? ಹಾಗಂತ ಅವಳ ಕಾಲು ಹಿಡಿಯಲಾರೆ.

ಬೀದಿಯಲ್ಲೇ ಮೂರು ಕಲ್ಲು ಹೂಡಿದೆ. ಪಡುವಣದ ಕಲ್ಲನ್ನು ತುಸು ಎತ್ತರದ್ದೇ ಹುಡುಕಿಟ್ಟೆ. ಒಲೆ ತಂದ ಪೆಟ್ಟಿಗೆಯನ್ನು ಒಡೆದು ಬೆಂಕಿ ಹಚ್ಚಿ, ಉಕ್ಕಿಸಲೆಂದು ತಂದಿದ್ದ ಹಾಲನ್ನು ಪಾತ್ರೆ ತುಂಬ ಹೊಯ್ದು ಇಟ್ಟೆ. ಬೀದಿಯ ಹೆಂಗಸರು ಬಂದು ಸುತ್ತ ನೆರೆದರು. ಯಾರೂ ಕೈ ಜೋಡಿಸಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ.

ಹಾಲು ಉಕ್ಕಿ ಮೂಡಣದ ಕಡೆಗೆ ಹರಿಯಿತು. ಹಾಗೆ ಹರಿದರೆ ಮನೆಗೆ ಒಳ್ಳೆಯದೆಂದು ಅಲ್ಲಿದ್ದವರಿಗೆಲ್ಲ ಗೊತ್ತು.

"ಮೂಡ್ಲಾಗೇ ಉಕ್ತಲ್ಲವ್ವ," ಎಂದಳು ಎದುರು ಮನೆಯ ಮುದುಕಿ, ಮನೆಯೊಡತಿಯ ಕಡೆ ತಿರುಗಿ. "ಇನ್ನೇನ್ ಬೇಕಮ್ಮಿ ನಿಂಗೆ? ಬೀಗದ ಕೈ ಕೊಟ್ಬುಡು."

ಮನೆಯೊಡತಿ ಜಗುಲಿ ಇಳಿದು ಬಂದು ಕಲ್ಲುಗಳನ್ನು ನೋಡಿದಳು. ಆಮೇಲೆ ನನಗೊಬ್ಬಳಿಗೇ ಕೇಳುವಂತೆ ಹೇಳಿದಳು: "ಕಲ್ಲ ವಾರೆ ಮಡಗಿದ್ದೀಯ."

"ಹ್ಞೂಂ, ಮಡಗಿದ್ದೀನಿ," ಎಂದು ಕೈ ಚಾಚಿದೆ. "ಆಲು ತಾನಾಗೇ ನನ್ ಕಡೀಕೆ ಅರೀಲಿ ಅಂತ ಕಾಯ್ತಾ ಕೂತ್ರೆ ನನ್ ಮಕ್ಳು ಮಲಗೋದೆಲ್ಲಿ?"

ಅವಳು ಸೆರಗಿನ ಗಂಟು ಬಿಚ್ಚಿದಳು.